ಹೊಳೆಗೆ ನಮ್ಮ ರಜೆ ಗೊತ್ತಿಲ್ಲ

ಮೀನು ಹಿಡಿಯುವುದಕ್ಕೂ ರಜೆ ಅರ್ಜಿ ಹಾಕಬೇಕಾದ ಕಾಲ ಇದು. ನಮ್ಮ ಅಜ್ಜಂದಿರಿಗೆ ಈ ಮಾತು ಹೇಳಿದರೆ ಬಾಯಲ್ಲಿದ್ದ ಎಲೆಅಡಿಕೆ ಉಗುಳಿ ನಕ್ಕಾರು. ಅವರಿಗೆ ಹೊಳೆ ಅಂದರೆ ಹಿತ್ತಲಿನಾಚೆಯ ಜಾಗ. ಗದ್ದೆ ಕೆಲಸ ಮುಗಿಸಿ, ಬಿದಿರು ಕೋಲಿಗೊಂದು ದಾರ ಕಟ್ಟಿ, ತೆಂಗಿನ ಗೆರಟೆಯಲ್ಲಿ ನಾಲ್ಕು ಎರೆಹುಳು ಹಾಕಿಕೊಂಡು ಹೋಗಿ ಕೂತರೆ ಅದೇ ಪ್ಲಾನು. ಸಿಕ್ಕರೆ ರಾತ್ರಿ ವಾಟೆಹುಳಿ ಹಾಕಿದ ಸಾರು, ಸಿಗದಿದ್ದರೆ ಮಾವಿನಮಿಡಿ ಉಪ್ಪಿನಕಾಯಿ. ಯಾರಿಗೂ ನಷ್ಟವಿಲ್ಲ.

ನಮ್ಮದು ಹಾಗಲ್ಲ. ಬೆಂಗಳೂರಿನ ಪಿಜಿಗಳಲ್ಲಿ ಕೂತು ಮಾರ್ಚ್‌ನಲ್ಲೇ ವಾಟ್ಸ್‌ಆ್ಯಪ್ ಗುಂಪು ಶುರು ಮಾಡುತ್ತೇವೆ. ಅದಕ್ಕೊಂದು ಹೆಸರು, ಹೆಸರಿಗೊಂದು ಫೋಟೊ. ಯಾವ ಶನಿವಾರ ಎಲ್ಲರಿಗೂ ಆಗುತ್ತದೆ ಎಂದು ಮತ ಹಾಕಿಸುತ್ತೇವೆ. ಮ್ಯಾನೇಜರ್ ಹತ್ತಿರ ಗೋಗರೆದು ಎರಡು ದಿನ ರಜೆ, ತೀರ್ಥಹಳ್ಳಿ ಬಸ್ಸಿಗೆ ಮುಂಗಡ ಟಿಕೆಟ್, ಆನ್‌ಲೈನ್‌ನಲ್ಲಿ ತರಿಸಿದ ರಾಡು, ರೀಲು, ಬಣ್ಣ ಬಣ್ಣದ ರಬ್ಬರ್ ಮೀನು. ನಮ್ಮ ಗುಂಪಿನಲ್ಲಿ ಏಳು ಜನ, ದೊಡ್ಡಪ್ಪ ಚಿಕ್ಕಪ್ಪಂದಿರ ಮಕ್ಕಳು ಮತ್ತು ಪಕ್ಕದ ಮನೆಯವರು. ನಾನೊಬ್ಬಳೇ ಹುಡುಗಿ. 'ಹೆಣ್ಣುಮಕ್ಕಳಿಗೆ ಎಂಥಕ್ಕೆ ಗಾಳ' ಎಂದು ಕೇಳುವವರಿಗೆ ಉತ್ತರ ಕೊಡುವುದನ್ನು ಬಿಟ್ಟು ಬಹಳ ದಿನವಾಯಿತು. ಮೀನುಗಳಂತೂ ಈವರೆಗೆ ಕೇಳಿಲ್ಲ.

ಇಷ್ಟೆಲ್ಲ ತಯಾರಿ ಮಾಡಿಕೊಂಡು ಹೋದಾಗ ಹೊಳೆ ತುಂಬಿ ಹರಿಯುತ್ತಿದ್ದರೆ ಏನು ಮಾಡಬೇಕು? ಈ ಪ್ರಶ್ನೆ ನೋಡಲು ಸಣ್ಣದು. ಆದರೆ ಮಲೆನಾಡಿನಲ್ಲಿ, ಕರಾವಳಿಯಲ್ಲಿ, ಕೊಡಗಿನಲ್ಲಿ ಪ್ರತಿ ಮಳೆಗಾಲ ನಮ್ಮ ವಯಸ್ಸಿನವರು ಇದಕ್ಕೆ ಕೊಡುತ್ತಿರುವ ಉತ್ತರ ಸರಿಯಿಲ್ಲ ಎಂಬುದು ನನ್ನ ವಾದ.

2025ರ ಮೇ ಕೊನೆಯ ವಾರವನ್ನು ನೆನಪಿಸಿಕೊಳ್ಳಿ. ಜೂನ್ 1ರ ಹೊತ್ತಿಗೆ ಕೇರಳಕ್ಕೆ ಬರಬೇಕಾದ ಮುಂಗಾರು ಮೇ 24ಕ್ಕೇ ಬಂತು. 2009ರ ನಂತರ ಅಷ್ಟು ಬೇಗ ಅದು ಕಾಲಿಟ್ಟಿರಲಿಲ್ಲ. ಎರಡು ಮೂರು ದಿನಗಳಲ್ಲಿ ನಮ್ಮ ಕರಾವಳಿ, ಮಲೆನಾಡನ್ನೂ ದಾಟಿ ಮುಂಬೈ ಮುಟ್ಟಿತು. ನಮ್ಮ ಗುಂಪು ಮತ ಹಾಕಿ ಆರಿಸಿಕೊಂಡಿದ್ದೂ ಅದೇ ವಾರವನ್ನು. ಲೆಕ್ಕ ತಪ್ಪೇನಿರಲಿಲ್ಲ. ಮೇ ತಿಂಗಳಲ್ಲಿ ತುಂಗೆ ಸೊರಗಿರುತ್ತಾಳೆ. ಬಂಡೆಗಳ ನಡುವೆ ಗುಂಡಿಗಳಲ್ಲಿ ನೀರು ನಿಂತಿರುತ್ತದೆ, ತಳದ ಮರಳು ಕಾಣುವಷ್ಟು ತಿಳಿ. ಗಾಳ ಹಾಕಲು ಅದಕ್ಕಿಂತ ಒಳ್ಳೆಯ ಕಾಲ ಇನ್ನೊಂದಿಲ್ಲ. ಆದರೆ ಶನಿವಾರ ಬೆಳಗ್ಗೆ ಬಸ್ಸಿಳಿದಾಗ ರಸ್ತೆ ಪಕ್ಕದ ಚರಂಡಿಯೇ ಹಳ್ಳದಂತೆ ಹರಿಯುತ್ತಿತ್ತು. ಮಧ್ಯಾಹ್ನ ಹೊಳೆದಂಡೆಗೆ ಹೋದರೆ ನಾವು ಕೂರಬೇಕೆಂದುಕೊಂಡಿದ್ದ ಬಂಡೆಯೇ ಇಲ್ಲ. ಕೆಂಪು ನೀರು, ಅದರ ಮೇಲೆ ತರಗೆಲೆ, ಮುರಿದ ಬಿದಿರು, ಯಾರದೋ ಒಂದು ಹವಾಯಿ ಚಪ್ಪಲಿ. ರೋಹಿಣಿ ಮಳೆಗೆ ಹೊಳೆ ಹೀಗೆ ಕೆಂಪಾಗಿದ್ದನ್ನು ಕಂಡೇ ಇಲ್ಲ ಎಂದರು ದೊಡ್ಡಪ್ಪ.

ಗುಂಪಿನಲ್ಲಿ ಆಗ ಎದ್ದ ಮಾತುಗಳು ಮೂರು. ನನ್ನ ಅಂದಾಜಿನಲ್ಲಿ ಎಲ್ಲ ಊರಿನ ಎಲ್ಲ ಗುಂಪುಗಳಲ್ಲೂ ಇವೇ ಮೂರು ಏಳುತ್ತವೆ. ಮೊದಲನೆಯದು, 'ಇಷ್ಟು ದೂರ ಬಂದಿದ್ದೀವಿ, ದಡದಲ್ಲೇ ನಿಂತು ಒಂದೆರಡು ಸಲ ಎಸೆದು ನೋಡೋಣ'. ಎರಡನೆಯದು, 'ಹೊಳೆ ಬೇಡ, ಹಳ್ಳಕ್ಕೆ ಹೋಗೋಣ, ಹತ್ತುಮೀನು ಶುರುವಾಗಿರುತ್ತೆ'. ಮೂರನೆಯದನ್ನು ಯಾರೂ ಗಟ್ಟಿಯಾಗಿ ಹೇಳುವುದಿಲ್ಲ: ಮನೆಗೆ ಹೋಗಿ ಬಿಸಿ ಕಡುಬು ತಿಂದು ಮಲಗೋಣ.

ಮೊದಲನೆಯದನ್ನು ಮೊದಲು ನೋಡೋಣ. ದಡದಲ್ಲೇ ನಿಲ್ಲುತ್ತೇವೆ ಎನ್ನುವವರಿಗೆ ತುಂಬಿದ ಹೊಳೆಗೆ ದಡವೇ ಇರುವುದಿಲ್ಲ ಎಂಬುದು ಗೊತ್ತಿರುವುದಿಲ್ಲ. ನಾವು ದಡ ಎಂದುಕೊಂಡು ನಿಂತದ್ದು ನಿನ್ನೆಯವರೆಗೆ ಒಣಗಿದ್ದ ಮಣ್ಣು. ಅದರ ಬುಡವನ್ನು ನೀರು ಒಳಗೊಳಗೇ ಕೊರೆದಿರುತ್ತದೆ. ಇನ್ನೊಂದು ವಿಷಯ, ನೀರಿನ ವೇಗ ಎರಡು ಪಟ್ಟಾದರೆ ಅದು ನಮ್ಮನ್ನು ತಳ್ಳುವ ಬಲ ಎರಡು ಪಟ್ಟಲ್ಲ, ನಾಲ್ಕು ಪಟ್ಟಾಗುತ್ತದೆ. ಮೊಣಕಾಲುದ್ದದ ನೀರು ದೊಡ್ಡ ಆಳನ್ನೂ ಕೆಡವುವುದು ಹೀಗೆ. ಈಜು ಬರುತ್ತದೆ ಎಂಬ ಧೈರ್ಯ ಅಲ್ಲಿ ಕೆಲಸಕ್ಕೆ ಬರುವುದಿಲ್ಲ. ಕಾಲು ತಪ್ಪಿದ ಮೇಲೆ ಈಜುವುದಕ್ಕೆ ಬಂಡೆ, ಬೇರು, ಸುಳಿ ಯಾವುದೂ ಸಮಯ ಕೊಡುವುದಿಲ್ಲ.

ಇಷ್ಟು ಶಾಲೆಯ ಪುಸ್ತಕದಲ್ಲೂ ಸಿಗುತ್ತದೆ. ಸಿಗದಿರುವುದು ನಮ್ಮ ಹೊಳೆಯ ಸ್ವಭಾವ. ತುಂಗೆ ಹುಟ್ಟುವುದು ಪಶ್ಚಿಮ ಘಟ್ಟದ ಗಂಗಾಮೂಲದಲ್ಲಿ. ಶೃಂಗೇರಿ ದಾಟಿ ತೀರ್ಥಹಳ್ಳಿಗೆ ಬರುವ ಹೊತ್ತಿಗೆ ಆಗುಂಬೆ ಕಡೆಯ ಮಾಲತಿಯಂಥ ಹೊಳೆಗಳೂ ಅವಳನ್ನು ಕೂಡಿಕೊಳ್ಳುತ್ತವೆ. ಆಗುಂಬೆಯಲ್ಲಿ ವರ್ಷದ ಸರಾಸರಿ ಮಳೆ 7,000 ಮಿಲಿಮೀಟರಿಗೂ ಹೆಚ್ಚು. ಹಾಗಾಗಿ ನಮ್ಮೂರ ಆಕಾಶ ನೋಡಿ ನಮ್ಮೂರ ಹೊಳೆಯನ್ನು ಅಳೆಯುವಂತಿಲ್ಲ. ಇಲ್ಲಿ ಮಳೆ ಬಿಟ್ಟು ಬಿಸಿಲು ಬಿದ್ದಿರುತ್ತದೆ. ಮೇಲೆ ರಾತ್ರಿಯಿಡೀ ಸುರಿದದ್ದು ಆಗ ನಮ್ಮ ಕಾಲ ಬುಡಕ್ಕೆ ಬರುತ್ತಿರುತ್ತದೆ. ಇನ್ನು ಕೆಳಗೆ, ಗಾಜನೂರಿನ ಆಚೆ ಇರುವವರ ಕಥೆಯೇ ಬೇರೆ. ಭದ್ರಾ ಜಲಾಶಯಕ್ಕೆ 71 ಟಿಎಂಸಿಗೂ ಹೆಚ್ಚು ನೀರು ಹಿಡಿಯುವ ಹೊಟ್ಟೆಯಿದೆ. ಗಾಜನೂರಿನದು ಅದರ ಮುಂದೆ ಒಂದು ತಂಬಿಗೆ. ಮಳೆಗಾಲದ ಮೊದಲ ಜೋರಿಗೇ ತುಂಬಿ ಗೇಟು ತೆಗೆಯಬೇಕಾಗುತ್ತದೆ. ಶಿವಮೊಗ್ಗದಲ್ಲಿ ಹನಿ ಮಳೆ ಇಲ್ಲದ ದಿನವೂ ಹೊಳೆ ಏರುವುದಕ್ಕೆ ಇದೇ ಕಾರಣ.

ಹಳಬರು ಇದನ್ನೆಲ್ಲ ಮಂಟಪ ನೋಡಿ ಅಳೆಯುತ್ತಿದ್ದರು. ಶೃಂಗೇರಿಯಲ್ಲಿ ಕಪ್ಪೆ ಶಂಕರ ಗುಡಿ ಮುಳುಗಿತೇ? ತೀರ್ಥಹಳ್ಳಿಯಲ್ಲಿ ರಾಮಮಂಟಪ ಎಷ್ಟು ಕಾಣುತ್ತಿದೆ? ಶಿವಮೊಗ್ಗದಲ್ಲಿ ಕೋರ್ಪಲಯ್ಯನ ಛತ್ರದ ಮಂಟಪದ ನೆತ್ತಿಗೆ ನೀರು ಬಂತೇ? ಈ ಮೂರು ಕಲ್ಲುಗಳು ನಮ್ಮ ಕಡೆಯ ನೀರಿನ ಮಾಪಕ. ಈಗಲೂ ಮಂಟಪ ಮುಳುಗಿದ ಸುದ್ದಿಗೆ ಜನ ಸೇತುವೆ ಮೇಲೆ ಸೇರುತ್ತಾರೆ, ಆದರೆ ಸೆಲ್ಫಿಗೆ. ನಮಗೆ ಅವರಿಗಿಲ್ಲದ ಅನುಕೂಲವೂ ಇದೆ. ಹವಾಮಾನ ಇಲಾಖೆಯ ಹಳದಿ, ಕಿತ್ತಳೆ, ಕೆಂಪು ಬಣ್ಣಗಳು ಫೋನಿಗೇ ಬರುತ್ತವೆ. 24 ಗಂಟೆಯಲ್ಲಿ 115.6 ಮಿ.ಮೀ. ದಾಟಿದರೆ ಅದು ಅತಿ ಭಾರಿ ಮಳೆಯ ಲೆಕ್ಕ, 204.4 ದಾಟಿದರೆ ಅದಕ್ಕೂ ಮೇಲಿನದು. ಕಿತ್ತಳೆ ಬಣ್ಣ ನಮ್ಮ ಜಿಲ್ಲೆಗಿಲ್ಲ, ಪಕ್ಕದ ಚಿಕ್ಕಮಗಳೂರಿಗಿದೆ ಎಂದು ಸಮಾಧಾನಪಟ್ಟುಕೊಳ್ಳುವವರನ್ನು ಕಂಡಿದ್ದೇನೆ. ತುಂಗೆ ಹುಟ್ಟುವ ಜಿಲ್ಲೆಯೇ ಅದು ಮಾರಾಯ್ರೇ!

2023ರ ಜುಲೈನಲ್ಲಿ ಕೊಲ್ಲೂರು ಬಳಿಯ ಅರಶಿನಗುಂಡಿ ಜಲಪಾತದಲ್ಲಿ ಬಂಡೆ ಮೇಲೆ ನಿಂತಿದ್ದ ಯುವಕನೊಬ್ಬ ಕಾಲುಜಾರಿ ಹೋದ ವಿಡಿಯೊವನ್ನು ನಾವೆಲ್ಲ ನೋಡಿದ್ದೇವೆ. ನೋಡಿ, ಅಯ್ಯೋ ಎಂದು, ಮುಂದಿನ ರೀಲ್ಸ್‌ಗೆ ಹೋಗಿದ್ದೇವೆ. ಅವನ ಮನೆಯವರು ದಿನಗಟ್ಟಲೆ ಆ ನೀರಿನ ಮುಂದೆ ಕಾದರು. ಇದರ ಬಗ್ಗೆ ಇನ್ನೂ ಹೆಚ್ಚು ಬರೆಯಲು ನನಗೆ ಮನಸ್ಸಿಲ್ಲ. ಮಳೆಗಾಲದಲ್ಲಿ ಪತ್ರಿಕೆಯ ಒಳಪುಟ ತೆರೆದರೆ ಸಾಕು, ಇಂಥ ಸುದ್ದಿ ಒಂದು ಕಾಲಂನಲ್ಲಿ ಇದ್ದೇ ಇರುತ್ತದೆ.

ಹೋಗಬಾರದು ಎಂದು ಗೊತ್ತಿದ್ದೂ ಯಾಕೆ ಹೋಗುತ್ತೇವೆ? ಧೈರ್ಯ, ಹುಂಬತನ, ಮೊಬೈಲು ಎಂದು ದೊಡ್ಡವರು ಬಯ್ಯುತ್ತಾರೆ. ನನಗೆ ಹಾಗನ್ನಿಸುವುದಿಲ್ಲ. ನಿಜವಾದ ಕಾರಣ ಆ ಮುಂಗಡ ಟಿಕೆಟ್ಟು. ಖರ್ಚು ಮಾಡಿದ ದುಡ್ಡು, ಗೋಗರೆದು ಪಡೆದ ರಜೆ, ಮತ್ತೆ ದೀಪಾವಳಿವರೆಗೆ ಊರಿಗೆ ಬರಲಾಗದು ಎಂಬ ಲೆಕ್ಕ. ನಮ್ಮಲ್ಲಿ ಬಹಳ ಜನ ವರ್ಷಕ್ಕೆ ಹತ್ತು ಹದಿನೈದು ದಿನ ಮಾತ್ರ ಊರಿನವರು. ಆ ಹತ್ತು ದಿನದಲ್ಲೇ ಕಾಡು, ಹೊಳೆ, ಮೀನು, ಅಜ್ಜಿ, ಎಲ್ಲವನ್ನೂ ಮುಗಿಸಬೇಕು. ಅಜ್ಜನಿಗೆ ಹೊಳೆ ಏರಿದರೆ ನಾಳೆ ಇಳಿಯುತ್ತದೆ ಎಂಬ ನಂಬಿಕೆ ಇತ್ತು, ಯಾಕೆಂದರೆ ನಾಳೆಯೂ ಅವನು ಅಲ್ಲೇ ಇರುತ್ತಿದ್ದ. ನಮಗೆ ಸೋಮವಾರ ರಾತ್ರಿ ಬಸ್ಸು. ಹೊಳೆಗೆ ನಮ್ಮ ರಜೆ ಗೊತ್ತಿಲ್ಲ, ಆ ಸಿಟ್ಟನ್ನು ನಾವು ಹೊಳೆಯ ಮೇಲೆ ತೀರಿಸಿಕೊಳ್ಳಲು ಹೋಗುತ್ತೇವೆ.

ಇದನ್ನು ಬರೀ ಬುದ್ಧಿಮಾತಿನಿಂದ ಸರಿ ಮಾಡಲಾಗದು. ಊರು ಬಿಟ್ಟವರ ಹಸಿವು ಅದು. ಆದರೆ ಆ ಹಸಿವಿಗೆ ಬಲಿಯಾಗುವುದು ನಾವು ಮಾತ್ರವಲ್ಲ. ಅದಕ್ಕೇ ನನಗೆ ಮೊದಲನೆಯ ಮಾತಿಗಿಂತ ಎರಡನೆಯದರ ಬಗ್ಗೆ ಹೆಚ್ಚು ತಕರಾರು: 'ಹೊಳೆ ಬೇಡ, ಹಳ್ಳಕ್ಕೆ ಹೋಗೋಣ.' ಕೇಳಲು ಎಷ್ಟು ಜಾಣತನದ ಮಾತು! ಅಪಾಯವಿಲ್ಲ, ನೀರು ಮೊಣಕಾಲು ಮುಟ್ಟುವುದಿಲ್ಲ, ಮೀನು ಮಾತ್ರ ಗ್ಯಾರಂಟಿ.

ಬಯಲುಸೀಮೆಯ ಓದುಗರಿಗಾಗಿ ಹತ್ತುಮೀನು ಎಂದರೇನು ಎಂದು ಹೇಳಿಬಿಡುತ್ತೇನೆ. ಸಂಖ್ಯೆಯ ಹತ್ತಲ್ಲ, ಮೇಲೆ ಹತ್ತುವ ಮೀನು. ಬೇಸಿಗೆಯಿಡೀ ಹೊಳೆಯ ಗುಂಡಿಗಳಲ್ಲಿ ಅಡಗಿದ್ದ ಮೀನುಗಳಿಗೆ ಮುಂಗಾರಿನ ಮೊದಲ ಹೊಸನೀರು ಒಂದು ಕರೆ. ನೀರು ತಣ್ಣಗಾಗುತ್ತದೆ, ಮಣ್ಣಿನ ವಾಸನೆ ಬರುತ್ತದೆ, ಸೆಳೆತ ಹೆಚ್ಚುತ್ತದೆ. ಆಗ ಅವು ಹರಿವಿಗೆ ಎದುರಾಗಿ ಈಜಿ ಹೊಳೆಯಿಂದ ಹಳ್ಳಕ್ಕೆ, ಹಳ್ಳದಿಂದ ತೋಡಿಗೆ, ತೋಡಿನಿಂದ ಗದ್ದೆಗೆ ಹತ್ತುತ್ತವೆ. ಕಲ್ಲಿನ ಮೇಲೆ ಜಿಗಿಯುತ್ತವೆ, ಹುಲ್ಲಿನ ನಡುವೆ ತೆವಳುತ್ತವೆ. ಗದ್ದೆಯ ತೆಳು ನೀರಿನಲ್ಲಿ ದೊಡ್ಡ ಮೀನುಗಳ ಕಾಟ ಕಡಿಮೆ, ಮರಿಗಳಿಗೆ ಆಹಾರ ಹೆಚ್ಚು. ಅಲ್ಲಿ ಮೊಟ್ಟೆಯಿಡುವುದಕ್ಕೆ ಇಷ್ಟು ದೂರದ ಪ್ರಯಾಣ. ಮಳೆ ಇಳಿದ ಮೇಲೆ ಮರಿಗಳು ನೀರಿನ ಜೊತೆ ವಾಪಸು ಹೊಳೆಗೆ. ಕರಾವಳಿಯ ತುಳುವರಿಗೂ ಇದು ಗೊತ್ತು, ಅವರು ಉಬರ್ ಮೀನು ಎನ್ನುತ್ತಾರೆ. ನಮಗೆ ಮೀನುಗಾರಿಕೆಯ ಪ್ಲಾನು ಹಾಳು ಮಾಡಿದ ಮಳೆಯೇ ಮೀನಿಗೆ ಹೆರಿಗೆಯ ಮುಹೂರ್ತ.

ಆ ಶನಿವಾರ ರಾತ್ರಿ ನಮ್ಮ ಗುಂಪಿನಲ್ಲಿ ಜಗಳವೇ ಆಯಿತು. ನಾನು ಬೇಡವೆಂದೆ, ಇನ್ನಿಬ್ಬರು ನನ್ನ ಜೊತೆ ಸೇರಿದರು. ದೊಡ್ಡಪ್ಪನ ಮಗ ಕೇಳಿದ, 'ನಿಷೇಧ ಜೂನ್‌ನಿಂದ ಅಲ್ವನೇ? ಇನ್ನೂ ಮೇ ತಿಂಗಳು.' ಅವನ ಮಾತಿಗೆ ನನ್ನ ಹತ್ತಿರ ತಕ್ಷಣಕ್ಕೆ ಉತ್ತರವಿರಲಿಲ್ಲ, ಅದಕ್ಕೆ ಆಮೇಲೆ ಬರುತ್ತೇನೆ. ನಾಲ್ವರು ಹೋದರು. ರಸ್ತೆಯ ಮೋರಿ ಬಾಯಿಗೆ ಕೂಣಿ ಇಟ್ಟು, ಅಕ್ಕಪಕ್ಕ ಸೊಪ್ಪು, ಕಲ್ಲು ತುಂಬಿ, ಎರಡು ಗಂಟೆ ಕಾದು ಅರ್ಧ ಬಕೆಟ್ ಮೀನು ತಂದರು. ಗೊಜಲೆ, ಕುಚ್ಚು, ನಾಲ್ಕೈದು ಚೇಳುಮೀನು. ಬೆಳಗ್ಗೆ ಹಿತ್ತಲಲ್ಲಿ ಬೂದಿ ಹಾಕಿ ಮೀನು ಉಜ್ಜಿ ಕುಯ್ಯಲು ಕೂತ ದೊಡ್ಡಮ್ಮ ಒಂದೊಂದರ ಹೊಟ್ಟೆಯಿಂದಲೂ ಹಳದಿ ಮೊಟ್ಟೆಯ ಗಡ್ಡೆ ತೆಗೆದು ಬಾಳೆಲೆಯ ಮೇಲಿಡುತ್ತಾ ಹೋದರು. ಎಲೆ ತುಂಬಿತು. 'ಎಲ್ಲಾ ಬಸುರಿಯರೇ ಕಣೇ' ಎಂದರು. ಬಯ್ಯಲಿಲ್ಲ, ಮುಖ ಸಿಂಡರಿಸಲಿಲ್ಲ. ಮಾತು ಮುಗಿಸಿ ಇನ್ನೊಂದು ಮೀನು ಎತ್ತಿಕೊಂಡರು, ಅಷ್ಟೆ.

ಒಂದು ಮೀನಿನ ಹೊಟ್ಟೆಯಲ್ಲಿ ಸಾವಿರಗಟ್ಟಲೆ ಮೊಟ್ಟೆ ಇರುತ್ತದೆ. ಎಲ್ಲವೂ ಮರಿಯಾಗಿ ಬದುಕುವುದಿಲ್ಲ, ಸರಿ. ಬದುಕುವುದು ಬೆರಳೆಣಿಕೆಯಷ್ಟು ಎಂದೇ ಮೀನು ಅಷ್ಟೊಂದು ಇಡುತ್ತದೆ. ಆದರೆ ಹತ್ತುವ ದಾರಿಯಲ್ಲೇ ಹಿಡಿದರೆ ಆ ಬೆರಳೆಣಿಕೆಯೂ ಇಲ್ಲ. ಬೇಸಿಗೆಯಲ್ಲಿ ಗಾಳಕ್ಕೆ ಸಿಕ್ಕ ಮೀನು ಒಂದು ಮೀನು. ಮಳೆಗಾಲದ ಮೊದಲ ವಾರ ಕೂಣಿಗೆ ಬಿದ್ದದ್ದು ಮುಂದಿನ ವರ್ಷದ ಒಂದಿಡೀ ಗುಂಡಿಯ ಮೀನು. ಹೊಳೆಯಲ್ಲಿ ಮೊದಲಿನಂತೆ ಮೀನಿಲ್ಲ ಎಂದು ಗಾಳ ಹಿಡಿದು ಗೊಣಗುವವರೂ, ಆ ವಾರ ಕೂಣಿ ಹೊತ್ತು ಹೋಗುವವರೂ ಬಹಳ ಕಡೆ ಒಬ್ಬರೇ.

'ಹಿಂದಿನಿಂದ ನಡೆದುಬಂದದ್ದು, ಅಜ್ಜಂದಿರು ಹಿಡಿಯಲಿಲ್ಲವೇ?' ಎಂಬ ಮಾತು ಇಲ್ಲಿ ಬಂದೇ ಬರುತ್ತದೆ. ಹಿಡಿದರು. ಕೂಣಿಯನ್ನು ಹೆಣೆದವರೇ ಅವರು. ಹಳಬರೆಲ್ಲ ಪ್ರಕೃತಿಯ ಮಕ್ಕಳು, ನಾವೆಲ್ಲ ಪಾಪಿಗಳು ಎಂಬ ಕಥೆಯನ್ನು ನಾನು ನಂಬುವುದಿಲ್ಲ. ಬೇಸಿಗೆಯ ಗುಂಡಿಗೆ ಕಾಡಿನ ಕಾಯಿ ಜಜ್ಜಿ ಹಾಕಿ ಮೀನಿಗೆ ಮಂಪರು ಬರಿಸಿ ಹಿಡಿಯುವುದೂ ಅವರಿಗೆ ಗೊತ್ತಿತ್ತು. ಆದರೆ ಆಗ ಒಂದು ಹಳ್ಳಕ್ಕೆ ಎರಡು ಮನೆ, ಎರಡು ಸೂಡಿಯ ಬೆಳಕು, ಕೈಯಲ್ಲೊಂದು ಕತ್ತಿ. ಹಳ್ಳ ಹರಡಿಕೊಂಡು ಹತ್ತು ದಾರಿಯಲ್ಲಿ ಹರಿಯುತ್ತಿತ್ತು. ಕೂಣಿ ಒಂದು ದಾರಿಗೆ ಅಡ್ಡವಾದರೆ ಒಂಬತ್ತು ತೆರೆದಿರುತ್ತಿದ್ದವು. ಈಗ ರಸ್ತೆ ಬಂದು ಹಳ್ಳವೆಲ್ಲ ಒಂದು ಸಿಮೆಂಟ್ ಮೋರಿಯೊಳಗೆ ಹೋಗುತ್ತದೆ. ಆ ಬಾಯಿಗೊಂದು ಬಲೆ ಕಟ್ಟಿದರೆ ಮುಗಿಯಿತು, ಒಂದು ಮೀನೂ ದಾಟದು. ಹೆಡ್‌ಲೈಟಿನ ಬೆಳಕು, ಬೈಕಿನಲ್ಲಿ ಬರುವ ಹತ್ತಾರು ಗುಂಪು, ಬ್ಯಾಟರಿಯಿಂದ ನೀರಿಗೆ ಕರೆಂಟು ಕೊಡುವವರು, ಬ್ಲೀಚಿಂಗ್ ಪುಡಿ ಸುರಿಯುವವರು. ಅಜ್ಜನ ಕೂಣಿಯನ್ನು ಇವರ ಸಾಕ್ಷಿಗೆ ಕರೆಯುವುದು ಅಜ್ಜನಿಗೆ ಮಾಡುವ ಅವಮಾನ.

ಇನ್ನೊಂದು ಬದಲಾವಣೆ ಇದೆ. ಅದರ ಬಗ್ಗೆ ನಮ್ಮ ಮನೆಗಳಲ್ಲಿ ಯಾರೂ ಮಾತಾಡುವುದಿಲ್ಲ, ಯಾಕೆಂದರೆ ನಮ್ಮ ಓದಿನ ಖರ್ಚು ಬಂದದ್ದೇ ಅದರಿಂದ. ಮೀನು ಹತ್ತಿ ಹೋಗುತ್ತಿದ್ದ ಭತ್ತದ ಗದ್ದೆಗಳೆಲ್ಲಿ? ನಾನು ಚಿಕ್ಕವಳಿದ್ದಾಗ ನಮ್ಮ ಮನೆ ಮುಂದಿನ ಬಯಲಿನಲ್ಲಿ ನಾಟಿ ಹಾಡು ಕೇಳುತ್ತಿತ್ತು. ಈಗ ಅಲ್ಲಿ ಸಾಲಾಗಿ ಅಡಿಕೆ. ಅಡಿಕೆ ಬುಡದಲ್ಲಿ ನೀರು ನಿಲ್ಲಬಾರದು, ಅದಕ್ಕಾಗಿ ಆಳದ ಬಸಿಗಾಲುವೆ ತೋಡುತ್ತೇವೆ. ಮಳೆ ನೀರು ಗದ್ದೆಯಲ್ಲಿ ಹರಡಿ ನಿಲ್ಲುವ ಬದಲು ಕಾಲುವೆಯಲ್ಲಿ ಧುಮುಕಿ ಹೊಳೆ ಸೇರುತ್ತದೆ. ಮೀನಿಗೆ ಹತ್ತಲು ಹಳ್ಳವಿದ್ದರೂ ತಲುಪಲು ಊರಿಲ್ಲ. ಭತ್ತ ಬೆಳೆದು ಬದುಕಲಾಗದ ರೈತನಿಗೆ ಅಡಿಕೆ ಕೀಳು ಎಂದು ಹೇಳುವ ನೈತಿಕ ಹಕ್ಕು ನನಗಿಲ್ಲ. ಹೇಳುವುದು ಇಷ್ಟೇ: ಮೊದಲೇ ಜಾಗ ಕಳೆದುಕೊಂಡ ಮೀನಿನ ದಾರಿಗೂ ಕೂಣಿ ಇಡುತ್ತಿದ್ದೇವೆ.

ಈಗ ನಿಷೇಧದ ವಿಷಯ. ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ, 61 ದಿನ, ಯಾಂತ್ರೀಕೃತ ದೋಣಿಗಳು ಕಡಲಿಗಿಳಿಯುವಂತಿಲ್ಲ. ಆ ದಿನಗಳಲ್ಲಿ ಮಲ್ಪೆಗೋ ಗಂಗೊಳ್ಳಿಗೋ ಹೋಗಿ ನೋಡಿ. ದಕ್ಕೆಯಲ್ಲಿ ದೋಣಿಗಳು ಒಂದಕ್ಕೊಂದು ತಾಗಿ ನಿಂತಿರುತ್ತವೆ, ಜನ ಬಲೆ ನೇಯುತ್ತಾ ದಿನ ದೂಡುತ್ತಾರೆ. ಒಳನಾಡಿನಲ್ಲೂ ಕರ್ನಾಟಕ ಒಳನಾಡು ಮೀನುಗಾರಿಕೆಯ 1996ರ ಕಾಯ್ದೆ ಇದೆ. ಮೀನು ಮರಿಮಾಡುವ ಕಾಲದಲ್ಲಿ ನದಿ, ಹಳ್ಳ, ಜಲಾಶಯಗಳಲ್ಲಿ ಹಿಡಿಯಬಾರದೆಂದು ನಮ್ಮ ಮಲೆನಾಡಿನಂಥ ಕಡೆಗಳಲ್ಲಿ ಮಳೆಗಾಲದ ಆರಂಭಕ್ಕೆ ಆದೇಶ ಹೊರಡುತ್ತದೆ. ಈ ಆದೇಶ ತಟ್ಟುವುದು ಯಾರಿಗೆ? ಹೊಳೆಯನ್ನೇ ನಂಬಿದ ಗಂಗಾಮತದವರಿಗೆ, ಸಹಕಾರ ಸಂಘದಲ್ಲಿ ಹೆಸರಿರುವವರಿಗೆ, ಲೈಸೆನ್ಸ್ ಪಡೆದು ಹಿನ್ನೀರಿನಲ್ಲಿ ಬಲೆ ಬಿಡುವವರಿಗೆ. ಅವರ ವಿಳಾಸ ಇಲಾಖೆಯ ಹತ್ತಿರ ಇದೆ, ಅವರ ದೋಣಿ ಎಲ್ಲರಿಗೂ ಕಾಣುತ್ತದೆ. ಮೀನೇ ಅನ್ನವಾದ ಅವರು ಎರಡು ತಿಂಗಳು ಬಲೆ ಮಡಚಿ ಕೂರುತ್ತಾರೆ. ಸಾಲ ಮಾಡುತ್ತಾರೆ, ಕೂಲಿಗೆ ಹೋಗುತ್ತಾರೆ. ಮೀನು ಬರೀ ಮೋಜಾದ ನಾವು ಒಂದು ವೀಕೆಂಡು ಕೂರಲಾರೆವು.

ಈ ಅನ್ಯಾಯ ನನ್ನನ್ನು ಉಳಿದೆಲ್ಲದಕ್ಕಿಂತ ಹೆಚ್ಚು ಕಾಡುತ್ತದೆ. ಮುಳುಗುವ ಅಪಾಯ ನಮ್ಮದು, ನಾವೇ ಅನುಭವಿಸುತ್ತೇವೆ. ಆದರೆ ಹತ್ತುಮೀನಿನ ಅರ್ಧ ಬಕೆಟ್ಟಿಗೆ ಬೆಲೆ ತೆರುವವನು ನವೆಂಬರ್‌ನಲ್ಲಿ ಖಾಲಿ ಬಲೆ ಎಳೆಯುವವನು. ಅವನಿಗೂ ನಮಗೂ ಮುಖಪರಿಚಯ ಕೂಡ ಇಲ್ಲ. ಅವನ ಕಣ್ಣಿನಲ್ಲಿ ನೋಡಿದರೆ ಬೆಂಗಳೂರಿನಿಂದ ಬಂದ ನಮ್ಮ ರಬ್ಬರ್ ಮೀನು, ಕಾರ್ಬನ್ ರಾಡುಗಳಿಗಿಂತ ದೊಡ್ಡ ತಮಾಷೆ ಬೇರೆ ಇರಲಾರದು.

ಇನ್ನು ಆ ರಾತ್ರಿ ಕೇಳಿದ ಪ್ರಶ್ನೆ. 'ಇನ್ನೂ ಮೇ ತಿಂಗಳು.' ಹೌದು, ಅಣ್ಣ ಹೇಳಿದ್ದರಲ್ಲಿ ಒಂದು ದೊಡ್ಡ ತೂತು ಕಾಣುತ್ತದೆ, ಅದು ಅವನ ತರ್ಕದ ತೂತಲ್ಲ, ನಿಯಮದ್ದು. ಆದೇಶಗಳು ಕ್ಯಾಲೆಂಡರ್ ನೋಡಿ ಬರುತ್ತವೆ, ಮೀನು ಮಳೆ ನೋಡಿ ಹತ್ತುತ್ತದೆ. 2023ರಲ್ಲಿ ಮುಂಗಾರು ಕೇರಳಕ್ಕೆ ಬಂದದ್ದು ಜೂನ್ 8ಕ್ಕೆ. 2025ರಲ್ಲಿ ಮೇ 24ಕ್ಕೆ. ಎರಡು ವರ್ಷಗಳ ನಡುವೆ ಹದಿನೈದು ದಿನಗಳ ವ್ಯತ್ಯಾಸ. ಹತ್ತುಮೀನಿನ ಭರಾಟೆ ಇರುವುದೇ ಮೊದಲ ಕೆಲವು ಜೋರು ಮಳೆಗಳಲ್ಲಿ. ದಿನಾಂಕಕ್ಕೆ ಅಂಟಿಕೊಂಡ ನಿಷೇಧ ಒಂದು ವರ್ಷ ಬಡವನನ್ನು ಸುಮ್ಮನೆ ವಾರಗಟ್ಟಲೆ ಕೂರಿಸುತ್ತದೆ, ಇನ್ನೊಂದು ವರ್ಷ ಮೀನು ಹತ್ತಿ ಮುಗಿದ ಮೇಲೆ ಶುರುವಾಗುತ್ತದೆ. ಮಳೆ ಹೀಗೆ ಹಿಂದೆ ಮುಂದೆ ಆಗುವುದು ಇನ್ನು ಮೇಲೆ ಹೆಚ್ಚಾಗಬಹುದೇ ಹೊರತು ಕಡಿಮೆಯಾಗುವ ಲಕ್ಷಣವಿಲ್ಲ.

ಹಾಗಾದರೆ ಹಳ್ಳಗಳ ಮಟ್ಟಿಗೆ ನಿಷೇಧವನ್ನು ಮಳೆಗೇ ಗಂಟು ಹಾಕಬಾರದೇಕೆ? ಯಾವ ಪಂಚಾಯಿತಿಯಲ್ಲಿ ಎಷ್ಟು ಮಳೆ ಬಿತ್ತು ಎಂದು ಗಂಟೆ ಗಂಟೆಗೆ ಹೇಳುವ ಮಾಪಕಗಳು ರಾಜ್ಯದ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರದ ಹತ್ತಿರ ಇವೆ. ಇಂತಿಷ್ಟು ಮಿ.ಮೀ. ಸತತ ಎರಡು ದಿನ ಬಿದ್ದರೆ ಆ ಹೋಬಳಿಯಲ್ಲಿ ಅಂದಿನಿಂದ ಇಷ್ಟು ದಿನ ಹಳ್ಳಕ್ಕೆ ಕೂಣಿ, ಬಲೆ ಇಡುವಂತಿಲ್ಲ ಎಂದು ಹೇಳುವುದು ಕಷ್ಟದ ಕೆಲಸವಲ್ಲ. ಎಷ್ಟು ಮಿ.ಮೀ. ಎಂಬುದನ್ನು ಮೀನು ಬಲ್ಲವರು ಲೆಕ್ಕ ಹಾಕಲಿ. ಶಾಲೆಗಳಿಗೆ ಮಳೆ ನೋಡಿ ರಜೆ ಕೊಡುವುದನ್ನು ನಮ್ಮ ಜಿಲ್ಲಾಡಳಿತಗಳು ಹಿಂದಿನ ರಾತ್ರಿಯೇ ನಿರ್ಧರಿಸಿ ಎಲ್ಲ ಮನೆಗೂ ಮುಟ್ಟಿಸುತ್ತವೆ. ಆ ಒಂದು ಸುದ್ದಿ ತಲುಪದ ಮನೆ ಮಲೆನಾಡಿನಲ್ಲಿ ಇಲ್ಲ. ಅದರ ಜೊತೆಗೇ ಇನ್ನೊಂದು ಸಾಲು ಸೇರಿಸಿದರೆ ಸಾಕು.

ಸಾಲು ಸೇರಿಸಿದರೆ ಎಲ್ಲರೂ ಕೇಳುತ್ತಾರಾ? ಇಲ್ಲ. ರಾತ್ರಿ ಹನ್ನೆರಡಕ್ಕೆ ಮಳೆಯಲ್ಲಿ ಮೋರಿ ಕಾಯಲು ಯಾವ ಇಲಾಖೆಗೂ ಜನವಿಲ್ಲ. ಆದರೆ ನಮ್ಮಲ್ಲಿ ಕಾವಲೇ ಇಲ್ಲದೆ ಮೀನು ಉಳಿದ ಜಾಗಗಳೂ ಇವೆ. ತೀರ್ಥಹಳ್ಳಿಯ ಹತ್ತಿರ ಚಿಬ್ಬಲಗುಡ್ಡೆಯಲ್ಲಿ, ಶೃಂಗೇರಿ ಮಠದ ಮೆಟ್ಟಿಲ ಬಳಿ, ಬೆಳ್ತಂಗಡಿ ಕಡೆಯ ಶಿಶಿಲದಲ್ಲಿ ಮೊಳದುದ್ದದ ಮೀನುಗಳು ಮಂಡಕ್ಕಿಗೆ ಬಾಯಿ ತೆರೆದು ಬರುತ್ತವೆ. ದೇವರ ಮೀನು ಎಂಬ ಒಂದು ಮಾತು ಅಲ್ಲಿ ಪೊಲೀಸರ ಕೆಲಸ ಮಾಡಿದೆ. ಅದೇ ಹೊಳೆಯ ಮೀನು ಅರ್ಧ ಮೈಲಿ ಆಚೆ ಹೋದರೆ ದೇವರದ್ದಲ್ಲ, ನಮ್ಮದು. ನನಗೆ ಪ್ರತಿ ಹಳ್ಳಕ್ಕೂ ದೇವಸ್ಥಾನ ಕಟ್ಟಿಸುವ ಆಸೆಯಿಲ್ಲ. ವರ್ಷದ ಹದಿನೈದು ದಿನ ಮಾತ್ರ ಒಂದು ಮೋರಿಯನ್ನು ಹಾಗೆ ನೋಡಬಹುದೇ ಎಂಬುದು ಪ್ರಶ್ನೆ. ಊರಿನ ಯುವಕ ಸಂಘಗಳು ಗಣಪತಿ ಕೂರಿಸುತ್ತವೆ, ವಾಲಿಬಾಲ್ ಪಂದ್ಯ ಮಾಡಿಸುತ್ತವೆ. ಮಳೆ ಹಿಡಿದ ಮೊದಲ ವಾರ ಊರ ಎರಡು ಮೋರಿ ತೆರೆದಿರುವಂತೆ ನೋಡಿಕೊಳ್ಳುವುದು ಅದಕ್ಕಿಂತ ಅಗ್ಗದ ಕೆಲಸ, ಚಂದಾ ಎತ್ತಬೇಕಿಲ್ಲ.

ನಮ್ಮಂಥ ದೂರದವರಿಗೆ ಉಳಿಯುವುದು ದಿನಾಂಕದ ಸಮಸ್ಯೆ. ಅದಕ್ಕೆ ನಾವು ಕಂಡುಕೊಂಡ ದಾರಿ ಬಹಳ ಸಾದಾ. ನಮ್ಮ ಗುಂಪಿನ ಮತದಾನದಲ್ಲಿ ಈಗ ಮೇ ಕೊನೆಯಿಂದ ಸೆಪ್ಟೆಂಬರ್‌ವರೆಗಿನ ಶನಿವಾರಗಳೇ ಇಲ್ಲ. ಇರುವುದು ದೀಪಾವಳಿಯ ನಂತರದವು, ಮತ್ತೆ ಜನವರಿಯಿಂದ ಏಪ್ರಿಲ್. ಆ ಕೂಣಿ ಕಟ್ಟಿದ ಅಣ್ಣನೂ ಮತ ಹಾಕುತ್ತಾನೆ, ಗೊಣಗುತ್ತಾ. 'ಮಳೆ ಇಲ್ಲದ ಮೀನು ಸಾರಿಗೆ ಮಜಾ ಎಲ್ಲಿದೆ' ಎಂಬುದು ಅವನ ತಕರಾರು. ಅದು ಮಾತ್ರ ನಿಜ. ಜಿಟಿಜಿಟಿ ಮಳೆ, ಬಿಸಿ ಕಡುಬು, ಮೀನು ಸಾರು ಈ ಮೂರೂ ಒಟ್ಟಿಗೆ ಬರುವ ಸಂಜೆಗೆ ಸಮನಾದದ್ದು ನನಗೂ ಗೊತ್ತಿಲ್ಲ. ಅಂಥ ಸಂಜೆಗೆ ದೊಡ್ಡಮ್ಮನ ಹತ್ತಿರ ಬೇಸಿಗೆಯಲ್ಲಿ ಉಪ್ಪು ಹಾಕಿ ಒಣಗಿಸಿಟ್ಟ ಮೀನು ಡಬ್ಬಿ ತುಂಬಾ ಇರುತ್ತದೆ. ಕೆಂಡದ ಮೇಲೆ ಸುಟ್ಟು, ಕಾಯಿ ಹಸಿಮೆಣಸು ಸೇರಿಸಿ ಚಟ್ನಿ ರುಬ್ಬುತ್ತಾರೆ. ಕೇಳಿದವರಿಗೆ ಮಾತ್ರ ಕೊಡುತ್ತಾರೆ.